ನಾಲ್ಕೂ ಚಿಲ್ಲರೆ ಪಾಲು ನೀರು

"ಸರ, ಇನ್ನೊಂದ್ಸಲ ಕಾಸಿದ್ರ ಹೋಗಂಗಿಲ್ಲೇನ್ರಿ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಸಿಂಧನೂರು, ಸೆಕೆಂಡ್ ಪಿಯು ಕ್ಲಾಸು. ಸ್ಪಿರಿಟನ್ನು, ಅಂದರೆ ಎಥನಾಲನ್ನು, ಎಷ್ಟೇ ಭಟ್ಟಿ ಇಳಿಸಿದರೂ ತೂಕದಲ್ಲಿ ನೂರಕ್ಕೆ 95.6 ದಾಟೋದಿಲ್ಲ, ಉಳಿದದ್ದು ನೀರೇ ಅಂತ ಹೇಳಿ ಮುಗಿಸಿದ್ದೆ. ಕೊನೇ ಬೆಂಚಿನ ಹುಡುಗ ಬಿಡಲಿಲ್ಲ. "ಸ್ಪಿರಿಟ್ 78ಕ್ಕ ಕುದಿತೈತಿ, ನೀರು 100ಕ್ಕ. ನೀರು ಕೆಳಗ ಉಳಿಬೇಕಲ್ರಿ?"

"ಹೋಗೋದಿಲ್ಲ ಅಂದ್ರೆ ಹೋಗೋದಿಲ್ಲಪ್ಪ" ಅಂದುಬಿಟ್ಟೆ. ಇಪ್ಪತ್ತು ವರ್ಷದ ಮಾಸ್ತರಿಕೆ ಕಲಿಸಿದ ಉತ್ತರ ಅದು! ಮನೆಗೆ ಬಂದಮೇಲೆ ನಾಚಿಕೆಯಾಯ್ತು.

ಮರುದಿನ ಕಾಸಿಯೇ ತೋರಿಸಿದೆ. ಲ್ಯಾಬಿನ ರೆಕ್ಟಿಫೈಡ್ ಸ್ಪಿರಿಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಇಳಿಸಿದೆವು. ಥರ್ಮಾಮೀಟರಿನ ಪಾದರಸ 78ರ ಹತ್ತಿರ ಬಂದು ಕೂತಿದ್ದು ಕೂತೇಬಿಟ್ಟಿತು. ಇಳಿದ ಸ್ಪಿರಿಟಿಗೆ, ಹುರಿದು ಬೆಳ್ಳಗಾಗಿದ್ದ ಮೈಲುತುತ್ತ ಒಂದು ಚಿಟಿಕೆ ಹಾಕಿದೆ. ನೀರು ತಾಗಿದರೆ ಅದು ನೀಲಿಯಾಗುತ್ತೆ. ನೀಲಿ. ಇನ್ನೊಮ್ಮೆ ಇಳಿಸಿದೆವು. ಮತ್ತೆ ನೀಲಿ. ಆ ಹದಕ್ಕೆ ಬಂದಮೇಲೆ ಹಬೆಯಲ್ಲೂ ಅಷ್ಟೇ ನೀರು, ತಳದಲ್ಲೂ ಅಷ್ಟೇ ನೀರು. ಬೇರೆಯಾಗೋದಾದರೂ ಹೇಗೆ? ಆಸಿಡ್‌ಗಳದ್ದೂ ಇದೇ ಹಟ. ನೈಟ್ರಿಕ್ 68ಕ್ಕೆ ನಿಲ್ಲುತ್ತೆ. ಸಲ್ಫ್ಯೂರಿಕ್‌ನಲ್ಲಿ ನೀರೇ ಮೇಲೆ ಹೋಗಿ ಆಸಿಡ್ ಕೆಳಗೆ ಉಳಿಯುತ್ತೆ, ಆದರೂ 98.3ರ ಆಚೆ ಇಲ್ಲ.

"ಮತ್ತ ಫ್ಯಾಕ್ಟರಿಯವ್ರು ಹೆಂಗ್ ತೆಗಿತಾರ್ರಿ?"

ಆ ಹುಡುಗನ ಅಪ್ಪ ಎಥನಾಲ್ ಫ್ಯಾಕ್ಟರಿಗೆ ನುಚ್ಚು ಹೊಡೆಯೋ ಲಾರಿ ಡ್ರೈವರ್ ಅಂತ ಆಗ ಗೊತ್ತಾಯ್ತು. ಪೆಟ್ರೋಲಿಗೆ ಬೆರೆಸೋ ಎಥನಾಲಿನಲ್ಲಿ ನೀರು ಜಾಸ್ತಿ ಇದ್ದರೆ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಅದಕ್ಕೇ ಅಲ್ಲಿ ಜಿಯೋಲೈಟ್ ಅನ್ನೋ ಖನಿಜದ ಗುಂಡುಗಳನ್ನು ತುಂಬಿರುತ್ತಾರೆ. ಅದರ ಸಣ್ಣ ತೂತುಗಳಲ್ಲಿ ನೀರಿನ ಕಣ ತೂರುತ್ತೆ, ಎಥನಾಲಿನದು ತೂರೋದಿಲ್ಲ. ಜರಡಿ ಇದ್ದಂಗೆ. ನಮ್ಮ ಲ್ಯಾಬಿನಲ್ಲಿ ಅದೆಲ್ಲಿ ಬರಬೇಕು? ಹಳೇ ಉಪಾಯ ಸುಣ್ಣ. ಸುಟ್ಟ ಸುಣ್ಣ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ.

"ಎರಡು ಮಾರ್ಕ್ಸಿನ ಪ್ರಶ್ನೆಗೆ ಮೂರು ದಿನವಾ?" ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ಒಳ್ಳೆಯವರೇ. ಗೈಡಿನಾಚೆ ಕಾಲಿಟ್ಟಿದ್ದು ಮಾತ್ರ ನಾನು ಕಂಡಿಲ್ಲ.

ಶನಿವಾರ ಆ ಹುಡುಗನೇ ಸುಟ್ಟ ಸುಣ್ಣದ ಕಲ್ಲು ತಂದ. ಪೇಪರಿನಲ್ಲಿ ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ ಚೀಲ. ಸ್ಪಿರಿಟಿಗೆ ಹಾಕಿ, ಹಬೆ ಹೊರಹೋಗದಂತೆ ತಂಪು ಮಾಡುತ್ತಾ ಗಂಟೆಗಟ್ಟಲೆ ಕುದಿಸಿ, ಆಮೇಲೆ ಇಳಿಸಿದೆವು. ಮೈಲುತುತ್ತ ಹಾಕಿದೆ. ಐದು ನಿಮಿಷ ಕಾದರೂ ಬೆಳ್ಳಗೇ ಇತ್ತು. ಶಬ್ಬಾಶ್ ಅನ್ನಬೇಕು ಅಂತ ತಿರುಗಿದೆ. ಅವನು ಫ್ಲಾಸ್ಕಿನ ತಳದಲ್ಲಿ ಉಳಿದ ಬಿಳಿ ಗಸಿ ನೋಡುತ್ತಾ ನಿಂತಿದ್ದ.

"ಸರ, ಈಗ ಈ ಸುಣ್ಣದಾಗಿನ ನೀರು ತೆಗಿಯಾದ್ ಹೆಂಗ್ರಿ?"