ಎಚ್‌ಎಎಲ್ ಏಪ್ರನ್ ಮೇಲೆ ಒಂದು ಪುಟಾಣಿ ಅಜೀತ್

ಮಾಡೆಲ್ ವಿಮಾನ ಕಟ್ಟೋದು ಸುಲಭದ ಭಾಗ ಕಣ್ರೀ, ಅದು ನಿಲ್ಲೋ ನೆಲ ಮಾಡೋದೇ ಕಷ್ಟ. ಹೋದ ವಾರ ಅಜೀತ್ ಫೈಟರ್ ಜೆಟ್‌ದು ಒಂದು ಡಯೋರಮಾ (ಮಾಡೆಲ್ ಜೊತೆ ಅದರ ಸುತ್ತಲಿನ ಪುಟ್ಟ ದೃಶ್ಯ) ಮಾಡಿ ಫೋಟೋ ಹಾಕಿದ್ದೆ, ಎಲ್ರೂ ವಿಮಾನದ ಬಗ್ಗೆನೇ ಕೇಳ್ತಿದಾರೆ, ಅದಕ್ಕೇ ಇದನ್ನ ಬರೀತಿದೀನಿ.

ಕಿಟ್ ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿದು, 1/72 ಸ್ಕೇಲು, ಅಂದ್ರೆ ನಿಜವಾದ್ದರ ಎಪ್ಪತ್ತೆರಡನೇ ಒಂದು ಭಾಗ. ಬ್ರಿಟಿಷರ ಫಾಲ್ಯಾಂಡ್ ನ್ಯಾಟ್ ಫೈಟರ್ ಅನ್ನ ನಮ್ಮ ಎಚ್‌ಎಎಲ್‌ನವ್ರು ಲೈಸೆನ್ಸ್ ತಗೊಂಡು ಬೆಂಗಳೂರಲ್ಲೇ ಕಟ್ತಿದ್ರಲ್ಲ, ಆಮೇಲೆ ಅದನ್ನೇ ತಿದ್ದಿ, ರೆಕ್ಕೆ ಒಳಗೇ ಇಂಧನ ತುಂಬೋ ಹಾಗೆ ಮಾಡಿ 1970ರ ದಶಕದಲ್ಲಿ ಅಜೀತ್ ಅಂತ ತಂದ್ರು. 1991ರವರೆಗೂ ಏರ್‌ಫೋರ್ಸಲ್ಲಿತ್ತು. ನಿಜವಾದ ವಿಮಾನವೇ ಸುಮಾರು 9 ಮೀಟರ್ ಉದ್ದ ಅಷ್ಟೇ, ಮಾಡೆಲ್ ಹನ್ನೆರಡೂವರೆ ಸೆಂಟಿಮೀಟರ್ ಬರುತ್ತೆ, ಅಂಗೈ ಮೇಲೆ ಕೂರುತ್ತೆ. ಹಳೇ ಏರ್‌ಪೋರ್ಟ್ ರೋಡಲ್ಲಿರೋ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಚಕ್ರದ ಸುತ್ತಮುತ್ತ ಮಂಡಿಯೂರಿ ಫೋಟೋ ತೆಕ್ಕೊಂಡು ಬಂದಿದ್ದೆ. ಲ್ಯಾಂಡಿಂಗ್ ಗೇರ್ ಬಾಗಿಲುಗಳೇ ಅದಕ್ಕೆ ಹಾರುವಾಗ ವೇಗ ತಗ್ಗಿಸೋ ಏರ್‌ಬ್ರೇಕ್ ಕೂಡ, ಎಷ್ಟು ಜಿಪುಣತನದ ಡಿಸೈನ್ ನೋಡಿ, ನಂಗಂತೂ ಆ ಜಿಪುಣತನವೇ ಇಷ್ಟ.

ಪೇಂಟ್, ಡೀಕಾಲ್ (ಗುರುತು, ನಂಬರ್‌ಗಳ ಸ್ಟಿಕರ್) ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲಾ ಕಡೆ ಸಿಗುತ್ತೆ. ಡೀಕಾಲ್ ಅಂಟಿಸೋ ಮುಂಚೆ ಹೊಳಪಿನ ಗ್ಲಾಸಿ ಕೋಟ್ ಹೊಡೀರಿ, ಇಲ್ಲಾಂದ್ರೆ ಅದರಡಿ ಗಾಳಿ ಸಿಕ್ಕಾಕ್ಕೊಂಡು ಬೆಳ್ಳಗೆ ಮಿನುಗುತ್ತೆ, ಅಷ್ಟು ಸಾಕು.

ಈಗ ನೆಲ. ನನ್ನ ಕಲ್ಪನೆ ಏನಂದ್ರೆ, ಫ್ಯಾಕ್ಟರಿಯಿಂದ ಆಗಷ್ಟೇ ಹೊರಗೆ ಬಂದ ಅಜೀತ್ ಟೆಸ್ಟ್ ಫ್ಲೈಟಿಗೆ ಮುಂಚೆ ಏಪ್ರನ್ ಮೇಲೆ, ಅಂದ್ರೆ ವಿಮಾನ ನಿಲ್ಲಿಸೋ ಕಾಂಕ್ರೀಟ್ ಜಾಗದಲ್ಲಿ, ನಿಂತಿದೆ, ಪಕ್ಕದಲ್ಲಿ ನಮ್ಮ ಬೆಂಗಳೂರಿನ ಕೆಂಪುಮಣ್ಣು. ಕಾಂಕ್ರೀಟಿಗೆ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ವಾಲ್ ಪುಟ್ಟಿ ತೆಳ್ಳಗೆ ಎಳೆದು, ಒಣಗಿದ ಮೇಲೆ ಉಜ್ಜಿ, ಸ್ಲ್ಯಾಬ್ ಗೆರೆ ಕೊರೆದೆ. ನಾಲ್ಕೂವರೆ ಮೀಟರ್ ಸ್ಲ್ಯಾಬ್ ಅಂದ್ರೆ ಇಲ್ಲಿ 6.25 ಸೆಂಟಿಮೀಟರ್. ಮಣ್ಣಿಗೆ ಅಂಗಡಿ ಪೌಡರ್ ಯಾಕೆ, ಮನೆ ಮುಂದಿನ ಸೈಟಿಂದೇ ತಂದೆ, ಆದ್ರೆ ಹಾಗೇ ಸುರಿಯೋ ಹಾಗಿಲ್ಲ. ಲೆಕ್ಕ ಹಾಕಿ ನೋಡಿ, ಒಂದು ಮಿಲಿಮೀಟರ್ ಹರಳು 1/72ರಲ್ಲಿ ಏಳು ಸೆಂಟಿಮೀಟರ್ ಜಲ್ಲಿಕಲ್ಲು! ವಿಮಾನದ ಪಕ್ಕ ಲಾರಿ ಜಲ್ಲಿ ಸುರಿದ ಹಾಗೆ ಕಾಣುತ್ತೆ. ಅದಕ್ಕೆ ಹಳೇ ತವಾ ಮೇಲೆ ಹುರಿದು, ಟೀ ಸೋಸೋ ಜರಡಿಯಲ್ಲಿ ಸೋಸಿ, ಆಮೇಲೆ ತೆಳು ಪಂಚೆ ಬಟ್ಟೆಯಲ್ಲಿ ಇನ್ನೊಂದ್ಸಲ ಸೋಸಿ ಬಂದ ಧೂಳು ಮಾತ್ರ ಉಪಯೋಗಿಸಿದ್ದು. ಫೆವಿಕಾಲ್‌ಗೆ ನೀರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ ಡ್ರಾಪರಲ್ಲಿ ಬಿಟ್ರೆ ಮಣ್ಣು ಉಂಡೆಗಟ್ಟದೆ ಹೀರ್ಕೊಳ್ಳುತ್ತೆ. ಹುಲ್ಲಿಗೆ ತೆಂಗಿನ ನಾರು ಸಣ್ಣಗೆ ಕತ್ತರಿಸಿ ಬಣ್ಣ ಹಚ್ಚಿದ್ದು. (ಅಡುಗೆಮನೆ ಜರಡಿ ವಾಪಸ್ ಹೋಗ್ಲಿಲ್ಲ, ಹೊಸದು ತಂದುಕೊಟ್ಟಿದೀನಿ.)

ಫೋಟೋ ಹಾಕಿದ ತಕ್ಷಣ ಬಂದ ಸಲಹೆ, "ಬ್ರೋ ಇನ್ನೂ ಸ್ವಲ್ಪ ವೆದರಿಂಗ್ ಮಾಡಿ, ತುಕ್ಕು ಹಾಕಿ". ಅಲ್ಯುಮಿನಿಯಂ ಮೈಗೆ ತುಕ್ಕು ಎಲ್ಲಿಂದ ತರ್ಲಿ ಸ್ವಾಮಿ? ಈಗ ಎಲ್ಲಾ ಮಾಡೆಲ್ಲೂ ಹತ್ತು ವರ್ಷ ಮಳೇಲಿ ನಿಂತಿದ್ದ ಹಾಗೆ ಮಾಡೋದು ಒಂದು ಫ್ಯಾಶನ್ ಆಗಿಬಿಟ್ಟಿದೆ, ನಂಗೆ ಒಪ್ಪಿಗೆ ಇಲ್ಲ. ಇದು ಹೊಸ ವಿಮಾನ. ಏಪ್ರನ್ನೂ ಗುಡಿಸಿದ ಹಾಗೇ ಇರ್ಬೇಕು, ಯಾಕಂದ್ರೆ ಜೆಟ್ ಎಂಜಿನ್ ಮುಂದೆ ಒಂದು ಕಲ್ಲು ಬಿದ್ದಿದ್ರೂ ಒಳಗೆ ಎಳ್ಕೊಂಡು ಬ್ಲೇಡ್ ಹಾಳಾಗುತ್ತೆ, ಅದ್ರಲ್ಲೂ ಅಜೀತ್ ಅಷ್ಟು ಕುಳ್ಳ. ಹಾಗಾಗಿ ಕೆಂಪು ಧೂಳು ಸ್ಲ್ಯಾಬ್ ಅಂಚಿಗೇ ನಿಲ್ಲಿಸಿದೀನಿ, ಬೇಕು ಅಂತಲೇ.

ಇನ್ನು "ಯಾವ ಕ್ಯಾಮೆರಾ" ಅಂತ ಕೇಳಿದವ್ರಿಗೆ: ಫೋನೇ. ಮೇಲಿಂದ ಕ್ಲಿಕ್ ಮಾಡಿದ್ರೆ ಆಟಿಕೆ ಥರ ಕಾಣೋದು ಗ್ಯಾರಂಟಿ. ಆ ಲೋಕದಲ್ಲಿ ಮನುಷ್ಯನ ಕಣ್ಣು ನೆಲದಿಂದ ಎರಡು ಸೆಂಟಿಮೀಟರ್ ಚಿಲ್ರೆ ಮೇಲಿರುತ್ತೆ, ಲೆನ್ಸೂ ಅಲ್ಲೇ ಇರ್ಬೇಕು, ಅದಕ್ಕೆ ಫೋನ್ ತಲೆಕೆಳಗು ಮಾಡಿ ಟೇಬಲ್‌ಗೆ ತಾಗಿಸಿ ಹಿಡಿದೆ. ಸ್ವಲ್ಪ ಹಿಂದೆ ಸರಿದು ಝೂಮ್ ಮಾಡಿ, ಆಗ ಮೂಗಿಂದ ಬಾಲದವರೆಗೂ ಫೋಕಸಲ್ಲಿ ಬರುತ್ತೆ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಬಾಲದ ಅಂಚನ್ನೇ ತಿಂದು ಹಾಕುತ್ತೆ. ಬೆಳಕಿಗೆ ಬೆಳಿಗ್ಗೆ ಹೊತ್ತು ಟೆರೇಸ್ ಬಿಸಿಲು, ನೆರಳು ನಿಜವಾದ ವಿಮಾನದ್ದರ ಹಾಗೇ ಗಟ್ಟಿಯಾಗಿ ಬೀಳುತ್ತೆ, ಹಿಂದೆ ನಿಜವಾದ ಆಕಾಶ ಪುಕ್ಕಟೆ. ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟ ಫೋಟೋ ಕೊನೇಲಿ ಹಾಕೋದು, ಮೊದ್ಲೇ ಹಾಕಿದ್ರೆ ಮಜಾ ಹೋಯ್ತು.

ಎಲ್ಲಾ ಕಾಮೆಂಟಲ್ಲೂ ನಂಗೆ ಹಿಡಿಸಿದ್ದು ಎಚ್‌ಎಎಲ್‌ನಿಂದ ರಿಟೈರ್ ಆಗಿರೋ ಒಬ್ಬ ಹಿರಿಯರದ್ದು. "ಎಲ್ಲಾ ಚೆನ್ನಾಗಿದೆಯಪ್ಪ, ಸೈಕಲ್ ಎಲ್ಲಿ? ನಾವೆಲ್ಲಾ ಸೈಕಲಲ್ಲೇ ಓಡಾಡ್ತಿದ್ದಿದ್ದು" ಅಂದ್ರು. ಸರಿ ಸರ್ ಮಾಡ್ತೀನಿ ಅಂದೆ. 28 ಇಂಚಿನ ಚಕ್ರ ಇಲ್ಲಿ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್, ತಾಮ್ರದ ತಂತಿ ಪೆನ್ನಿಗೆ ಸುತ್ತಿದ್ರೆ ಸರಿಯಾಗಿ ಬರ್ತಿದೆ. ಸ್ಪೋಕ್ ಮಾತ್ರ ಹಾಕಲ್ಲ, ಈ ಸ್ಕೇಲಲ್ಲಿ ಅದು ತಲೆಗೂದಲಿಗಿಂತ ಸಣ್ಣ. ಅವ್ರು ಕೇಳಿದ್ರೆ ನೋಡೋಣ.