ರಾತ್ರಿ ಎಂಟಕ್ಕೆ ಪಾತ್ರೆ ಸದ್ದು

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಿತ್ತುಕೊಂಡಿತಲ್ಲ, ಮರುದಿನ ರಾತ್ರಿಯೇ ಯಾಂಗೊನ್‌ನ ಜನ ಬಾಲ್ಕನಿಯಲ್ಲಿ, ಬಾಗಿಲಲ್ಲಿ ನಿಂತು ಪಾತ್ರೆ ಬಡಿಯೋಕೆ ಶುರು ಮಾಡಿದ್ದರು. ಪೀಡೆ ಓಡಿಸೋಕೆ ಹೀಗೆ ಸದ್ದು ಮಾಡೋದು ಅಲ್ಲಿನ ಹಳೇ ರೂಢಿ. ಆ ವಿಡಿಯೋ ನಿನ್ನೆ ಮತ್ತೆ ಕಣ್ಣಿಗೆ ಬಿತ್ತು.

ದಾವಣಗೆರೆಯ ಮಂಡಕ್ಕಿ ಅಂಗಡಿ ಮುಂದೆ ನಿಂತು ದೊಡ್ಡಪ್ಪನಿಗೆ ತೋರಿಸಿದೆ. ಬಿಸಿ ಮಿರ್ಚಿ ಮುರಿದು ಊದುತ್ತಾ ನೋಡಿದರು. "ತಟ್ಟೆ ಬಡಿದ್ರೆ ಬಂದೂಕು ಹೆದರುತ್ತೇನಪ್ಪಾ?" ಅಂದರು. ಆಮೇಲೆ ಅವರೇ ಎಮರ್ಜೆನ್ಸಿ ಕಾಲದ ಕಥೆ ಶುರು ಮಾಡಿದರು. ಆಗ ಹೋಟೆಲಿನಲ್ಲಿ ಟೀ ಕುಡಿಯುವಾಗಲೂ ಜನ ಅಕ್ಕಪಕ್ಕ ನೋಡಿಯೇ ಬಾಯಿ ಬಿಡುತ್ತಿದ್ದರಂತೆ. 21 ತಿಂಗಳು ಅದೇ ಕಥೆ. 1977ರಲ್ಲಿ ದೇಶ ಇಂದಿರಾ ಸರ್ಕಾರವನ್ನು ಇಳಿಸಿತು, ನಮ್ಮ ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು! (ಎಮರ್ಜೆನ್ಸಿ ಬಗ್ಗೆ ಭಾಷಣ ಮಾಡೋರು ಇದನ್ನು ಜಾಸ್ತಿ ಹೇಳಲ್ಲ.)

ಹೇಗೋ, ನಮಗೆ ಓಟಿನ ದಿನ ಅಂತ ಒಂದು ಬಂತು, ಬಂದ ಫಲಿತಾಂಶವೂ ನಡೀತು. ಮ್ಯಾನ್ಮಾರ್‌ನವರು 2020ರ ನವೆಂಬರ್‌ನಲ್ಲೇ ಸಾಲಲ್ಲಿ ನಿಂತು ಓಟು ಹಾಕಿ ಅಲ್ಲಿನ ನಾಯಕಿ ಆಂಗ್ ಸಾನ್ ಸೂಕಿಯ ಪಕ್ಷವನ್ನು ಭರ್ಜರಿಯಾಗಿ ಗೆಲ್ಲಿಸಿದ್ದರು, ಹೊಸ ಸಂಸತ್ತು ಸೇರಬೇಕಿದ್ದ ದಿನ ಬೆಳಗಿನ ಜಾವವೇ ಸೇನೆಯವರು ಸೂಕಿಯನ್ನು ಹಿಡಿದು ಹಾಕಿದರು. ಅದೇ ವಾರ ಫೇಸ್‌ಬುಕ್ಕನ್ನೂ ಬಂದ್ ಮಾಡಿದರು. ಆ ಜನ ಕೇಳಿದ್ದು ದೊಡ್ಡದೇನಲ್ಲ ಅಲ್ವಾ, ಹಾಕಿದ ಓಟು ಲೆಕ್ಕಕ್ಕೆ ಬರಲಿ, ಕೆಲಸಕ್ಕೆ ಹೋದ ಮಗ ರಾತ್ರಿ ಮನೆಗೆ ಬರಲಿ ಅಂತ.