ಅಂಚಿನಲ್ಲಿ ಹೆಸರಿದೆ, ಊರಿಲ್ಲ

24 ಸೆಪ್ಟೆಂಬರ್ 2023, ಭಾನುವಾರ

ಗೆಳೆಯ ಕೊಂಡ ಮೈಸೂರಿನ ಹಳೆಮನೆಯ ಅಟ್ಟದಲ್ಲಿ ಒಂದು ಬೆಳ್ಳಿ ಪದಕ ಸಿಕ್ಕಿದೆ. ಒಂದು ಮುಖದಲ್ಲಿ ಐದನೇ ಜಾರ್ಜ್, ಇನ್ನೊಂದರಲ್ಲಿ ಕುದುರೆಯೇರಿದ ಬೆತ್ತಲೆ ಸವಾರ, 1914 ಮತ್ತು 1918. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಲಕ್ಷಾಂತರ ಜನಕ್ಕೆ ಕೊಟ್ಟದ್ದೇ, ಆದರೆ ಅಂಚಿನಲ್ಲಿ ಪಡೆದವನ ಸಂಖ್ಯೆ, ಹುದ್ದೆ, ಹೆಸರು, ದಳ ಒತ್ತಿರುತ್ತಾರೆ. ಹಾಗಾಗಿ ಇದು ಒಬ್ಬನದು, ಅವನೊಬ್ಬನದೇ.

ಹುಣಸೆಹಣ್ಣು ಹಾಕಿ ಬೆಳಗೋಣ ಅಂದ ಗೆಳೆಯ. ಬೇಡವೇ ಬೇಡ ಅಂದೆ. ಉಜ್ಜಿ ಉಜ್ಜಿಯೇ ಎಷ್ಟೋ ಪದಕಗಳ ಅಕ್ಷರ ಸವೆದುಹೋಗಿವೆ. ಅಂಚಿಗೆ ತೆಳುಕಾಗದ ಸುತ್ತಿ ಮೆಲ್ಲಗೆ ಪೆನ್ಸಿಲ್ ಆಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆವು. ಸವಾರ, ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆದಳ. ಹೆಸರನ್ನು ಇಲ್ಲಿ ಹಾಕುವುದಿಲ್ಲ. ನಾಳೆ ಯಾರಾದರೂ ನಮ್ಮದು ಅಂತ ಬಂದರೆ, ಹೆಸರು ಅವರ ಬಾಯಿಂದಲೇ ಬರಲಿ.

ನಿನ್ನೆ ಹೈಫಾ ದಿನ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೂ ಮೈಸೂರಿನವರೂ ಮೆಷಿನ್ ಗನ್ನುಗಳ ಎದುರು ಕುದುರೆ ಓಡಿಸಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದರು. ಇವನೂ ಅಲ್ಲಿದ್ದನೇ? ಪದಕ ನೋಡಿ ಹೇಳಲಾಗದು.

ಸತ್ತವರನ್ನು ಹುಡುಕಲು ದಾರಿಯಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆಯಲ್ಲಿ ದಳ, ತೀರಿಕೊಂಡ ತಾರೀಖು, ಕೆಲವರಿಗೆ ತಂದೆಯ ಹೆಸರು, ಊರು ಕೂಡ ಸಿಗುತ್ತದೆ. ಅಲ್ಲಿ ಇವನಿಲ್ಲ. ಬೆಂಗಳೂರಿನ ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕದಲ್ಲೂ ಇವನ ಹೆಸರು ಕಾಣಲಿಲ್ಲ. ಹಾಗಾದರೆ ಬದುಕಿ ಬಂದಿರಬೇಕು. ಅದು ಹೊಳೆದಾಗ ಮನಸ್ಸು ಹಗುರಾಯಿತು. ಆದರೆ ಹುಡುಕಾಟ ಕಷ್ಟವಾಗುವುದೂ ಅಲ್ಲಿಂದಲೇ. ಬದುಕಿ ಬಂದವನಿಗೆ ಯಾರೂ ಕಲ್ಲು ನೆಡುವುದಿಲ್ಲ. ಪಂಜಾಬಿನ ಸುಮಾರು 3,20,000 ಸೈನಿಕರ ವಿವರ ಊರುಸಮೇತ ಲಾಹೋರ್ ಮ್ಯೂಸಿಯಂನಲ್ಲಿ ಉಳಿದಿತ್ತು. 2021ರಿಂದ ಅದು ಇಂಟರ್ನೆಟ್ಟಿಗೆ ಬರತೊಡಗಿದೆ. ನಮ್ಮ ಸವಾರರಿಗೂ ಅಂಥದ್ದೊಂದು ಪಟ್ಟಿ ಕೈಗೆ ಸಿಗುವಂತಿರಬೇಕಿತ್ತು ಅಂತ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಮನೆ ಮಾರಿದವರಿಗೆ ಇವತ್ತು ಫೋನ್ ಮಾಡಿದೆ. ಅವರ ವಂಶದಲ್ಲಿ ಯಾರೂ ಸೈನ್ಯ ಸೇರಿದವರಲ್ಲ. ಮುತ್ತಜ್ಜ ಮಾತ್ರ ಬೆಳ್ಳಿ-ಬಂಗಾರ ಗಿರವಿ ಇಟ್ಟುಕೊಂಡು ಸಾಲ ಕೊಡುತ್ತಿದ್ದರಂತೆ! ಯುದ್ಧದಿಂದ ಬದುಕಿ ಬಂದವನು ಯಾವ ಕಷ್ಟಕ್ಕೆ ಪದಕ ಒತ್ತೆ ಇಟ್ಟನೋ, ಬಿಡಿಸಿಕೊಳ್ಳಲು ಏಕೆ ಆಗಲಿಲ್ಲವೋ. ಯೋಚಿಸಿದಷ್ಟೂ ಸಂಕಟ.

ಮುತ್ತಜ್ಜನ ಲೆಕ್ಕದ ಪುಸ್ತಕಗಳು ಅವರ ಚಿಕ್ಕಪ್ಪನ ಮನೆಯಲ್ಲಿವೆಯಂತೆ. ಸಾಲಗಾರನ ಊರು ಬರೆದುಕೊಳ್ಳದೆ ಯಾವ ಸಾಹುಕಾರ ತಾನೇ ದುಡ್ಡು ಕೊಟ್ಟಾನು? ಬುಧವಾರ ಬಂದು ನೋಡಿ ಅಂದಿದ್ದಾರೆ.